ಜ್ವರ ನೆತ್ತಿಗೇರಿ ಫಿಟ್ಸ್ ಬಂತು, ಇನ್ನು ಮಗಳನ್ನು ಹೇಗೆ ಕಾಯಲಿ?

ಪ್ರಶ್ನೆ: ಡಾಕ್ಟರೇ, ನನ್ನ ಮಗಳಿಗೆ ಮೂರು ವರ್ಷ ನಾಲ್ಕು ತಿಂಗಳು, ತೂಕ ಹನ್ನೆರಡೂವರೆ ಕೆ.ಜಿ. ಜೂನ್‌ನಲ್ಲಿ ನರ್ಸರಿಗೆ ಸೇರಿಸಿದೆವು. ಆಗಿನಿಂದ ಹದಿನೈದು ಇಪ್ಪತ್ತು ದಿನಕ್ಕೊಮ್ಮೆ ನೆಗಡಿ, ಕೆಮ್ಮು, ಜ್ವರ ಇದ್ದದ್ದೇ. ಐದು ತಿಂಗಳಲ್ಲಿ ನಾಲ್ಕು ಸಲ ಆಂಟಿಬಯೋಟಿಕ್ ಕುಡಿಸಿದ್ದೇವೆ. ಹತ್ತು ದಿನದ ಹಿಂದೆ ರಾತ್ರಿ ಜ್ವರ 103 ಇದ್ದಾಗ ಇದ್ದಕ್ಕಿದ್ದಂತೆ ಕಣ್ಣು ಮೇಲೆ ಮಾಡಿ, ಕೈಕಾಲು ಸೆಟೆದು ಅದುರತೊಡಗಿದಳು. ಅತ್ತೆಯವರು ಕೈಗೆ ಬೀಗದ ಕೈ ಹಿಡಿಸಿ, ಈರುಳ್ಳಿ ಮೂಸಿಸಿದರು. ಯಜಮಾನರು ಬಾಯಿಗೆ ಚಮಚ ತುರುಕಿದರು. ಎರಡು ನಿಮಿಷಕ್ಕೆ ನಿಂತಿತು. ಆಸ್ಪತ್ರೆಯಲ್ಲಿ ಒಂದು ದಿನ ಇಟ್ಟುಕೊಂಡು, ಇದು ಜ್ವರದ ಫಿಟ್ಸ್, ಹೆದರಬೇಡಿ ಅಂತ ಕಳಿಸಿದರು. ಅಂದಿನಿಂದ ನನಗೆ ನಿದ್ದೆಯಿಲ್ಲ. ಗಂಟೆಗೊಮ್ಮೆ ಥರ್ಮಾಮೀಟರ್ ಇಡುತ್ತೇನೆ, 99 ತೋರಿಸಿದರೂ ಸಿರಪ್ ಕೊಡುತ್ತೇನೆ. ಅವಳು ಊಟ ಮುಟ್ಟುವುದಿಲ್ಲ, ಬಾಟಲಿ ಹಾಲಿನಲ್ಲೇ ಬದುಕಿದ್ದಾಳೆ. ಇಮ್ಯುನಿಟಿ ಇಲ್ಲ, ಟಾನಿಕ್ ಬರೆಸಿ ಅಂತ ಎಲ್ಲರೂ ಹೇಳುತ್ತಾರೆ. ಮುಂದೆ ಮೂರ್ಛೆರೋಗ ಆಗುತ್ತದೆಯೇ? ಶಾಲೆ ಬಿಡಿಸಿಬಿಡಲೇ? ಚಮಚ ತಗುಲಿ ಮುಂದಿನ ಒಂದು ಹಲ್ಲು ಬೇರೆ ಅಲುಗಾಡುತ್ತಿದೆ.
ಒಬ್ಬ ತಾಯಿ, ತುಮಕೂರು ಜಿಲ್ಲೆ

ಉತ್ತರ: ನಿಮ್ಮ ಪತ್ರ ಓದುವಾಗ ನಮ್ಮ ಮನೆಯದೇ ಒಂದು ರಾತ್ರಿ ನೆನಪಾಯಿತು. ಆಗ ನನ್ನ ಮಗನಿಗೆ ಒಂದೂವರೆ ವರ್ಷ. ಅಷ್ಟು ಹೊತ್ತಿಗೆ ನಾನು ವಾರ್ಡಿನಲ್ಲಿ ಎಷ್ಟೋ ಮಕ್ಕಳ ಫಿಟ್ಸ್ ನೋಡಿದ್ದೆ, ಎಷ್ಟೋ ತಾಯಂದಿರಿಗೆ ಧೈರ್ಯ ಹೇಳಿದ್ದೆ. ಅವನು ನನ್ನ ತೊಡೆಯ ಮೇಲೇ ಸೆಟೆದುಕೊಂಡಾಗ ಕಲಿತದ್ದೆಲ್ಲ ಮರೆತುಹೋಯಿತು. ಹತ್ತು ನಿಮಿಷ ಆಯಿತು, ಇನ್ನೂ ನಿಂತಿಲ್ಲ, ಗಾಡಿ ತೆಗಿ ಎಂದು ಕೂಗಾಡಿದೆ. ನನ್ನ ಹೆಂಡತಿ ಗೋಡೆ ಗಡಿಯಾರ ನೋಡಿಕೊಂಡು ನಿಂತಿದ್ದಳು. "ಒಂದೂವರೆ ನಿಮಿಷ ಆಗಿದೆ" ಅಂದಳು. ಅವತ್ತಿನಿಂದ ಫಿಟ್ಸ್ ಕಂಡು ಓಡಿಬಂದ ಅಪ್ಪ ಅಮ್ಮಂದಿರಿಗೆ "ಹೆದರಬೇಡಿ" ಎನ್ನುವುದನ್ನು ಬಿಟ್ಟಿದ್ದೇನೆ. ಹೆದರಿಕೆ ಹೇಗೂ ಆಗುತ್ತದೆ. ಹೆದರಿದ ಕೈಗಳು ಏನು ಮಾಡಬೇಕು, ಏನು ಮಾಡಬಾರದು ಅನ್ನುವುದನ್ನು ಮಾತ್ರ ಹೇಳಿಕೊಡಬಹುದು.

ಮೊದಲು ಆ ಫಿಟ್ಸ್ ವಿಷಯವನ್ನೇ ಮುಗಿಸೋಣ. ಆರು ತಿಂಗಳಿಂದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಎರಡರಿಂದ ಐದು ಮಕ್ಕಳಿಗೆ ಜ್ವರ ಬಂದಾಗ ಒಮ್ಮೆಯಾದರೂ ಹೀಗಾಗುತ್ತದೆ. ನಮ್ಮ ಹಿರಿಯರು ಇದನ್ನೇ ಬಾಲಗ್ರಹ ಅಂತ ಕರೆದರು. ಬೆಳೆಯುತ್ತಿರುವ ಮೆದುಳಿಗೆ ಜ್ವರದ ಏರಿಳಿತ ತಡೆದುಕೊಳ್ಳುವ ಶಕ್ತಿ ಕೆಲವು ಮಕ್ಕಳಲ್ಲಿ ಸ್ವಲ್ಪ ಕಡಿಮೆ, ಅಷ್ಟೇ. ಇದು ಮನೆತನದಲ್ಲೂ ಬರುತ್ತದೆ. ನಿಮ್ಮ ಅತ್ತೆಯವರನ್ನು ಸುಮ್ಮನೆ ಒಮ್ಮೆ ಕೇಳಿ ನೋಡಿ, ಯಜಮಾನರಿಗೋ ಅವರ ಅಣ್ಣತಮ್ಮಂದಿರಿಗೋ ಚಿಕ್ಕಂದಿನಲ್ಲಿ ಬಂದಿತ್ತೇ ಅಂತ. "ಹೌದಲ್ಲ, ಇವನಿಗೂ ಆಗಿತ್ತು" ಅನ್ನುವ ಉತ್ತರ ನನ್ನ ಎದುರಿಗೆ ಎಷ್ಟೋ ಸಲ ಬಂದಿದೆ. ಆ ಮಾತು ಕೇಳಿದ ಕೂಡಲೇ ಸೊಸೆಯ ಮುಖದಲ್ಲಿ ಅರ್ಧ ಭಾರ ಇಳಿಯುವುದನ್ನೂ ನೋಡಿದ್ದೇನೆ. ಆಗ ಬಂದಿದ್ದವನು ಈಗ ಮೀಸೆ ಹೊತ್ತು ಪಕ್ಕದಲ್ಲೇ ಕೂತಿರುತ್ತಾನಲ್ಲ!

ನೀವು ಹೇಳಿದಂತೆ ಎರಡೂ ಕಡೆಯ ಕೈಕಾಲು ಅದುರಿ, ಹದಿನೈದು ನಿಮಿಷದೊಳಗೆ ತಾನಾಗಿ ನಿಂತು, ಒಂದೇ ದಿನದಲ್ಲಿ ಮತ್ತೆ ಬರದೇ ಹೋದರೆ ಅದನ್ನು ಸರಳ ಜ್ವರ ಸೆಳೆತ ಎನ್ನುತ್ತೇವೆ. ಅದರಿಂದ ಬುದ್ಧಿ ಮಂದವಾಗುವುದಿಲ್ಲ, ಓದಿಗೆ ತೊಡಕಾಗುವುದಿಲ್ಲ. ಸ್ಕ್ಯಾನ್, ಇಇಜಿ (ಮೆದುಳಿನ ವಿದ್ಯುತ್ ಅಲೆಗಳ ಪರೀಕ್ಷೆ) ಇವುಗಳ ಅಗತ್ಯವೂ ಇಲ್ಲ. ಮುಂದೆ ಮೂರ್ಛೆರೋಗ ಆಗುವುದು ಇಂಥ ನೂರು ಮಕ್ಕಳಲ್ಲಿ ಒಂದಿಬ್ಬರಿಗೆ. ಬೇರೆ ಮಕ್ಕಳಿಗಿಂತ ತುಸು ಹೆಚ್ಚು, ಆದರೆ ತುಸುವೇ. ಇನ್ನೊಂದು ಜ್ವರದಲ್ಲಿ ಮತ್ತೆ ಫಿಟ್ಸ್ ಬರುವ ಸಾಧ್ಯತೆ ಮಾತ್ರ ಇದೆ. ಮೂವರಲ್ಲಿ ಒಬ್ಬರಿಗೆ ಹಾಗಾಗುತ್ತದೆ. ಮೊದಲ ಸಲವೇ ಒಂದು ವರ್ಷದೊಳಗೆ ಬಂದವರಿಗೆ ಮರುಕಳಿಸುವುದು ಜಾಸ್ತಿ. ನಿಮ್ಮ ಮಗಳಿಗೆ ಬಂದದ್ದು ಮೂರು ದಾಟಿದ ಮೇಲೆ, ಆದ್ದರಿಂದ ಲೆಕ್ಕ ನಿಮ್ಮ ಪರವಾಗಿದೆ. ಮುಂದಿನ ಲಸಿಕೆಗಳನ್ನು ಯಾವ ಕಾರಣಕ್ಕೂ ತಪ್ಪಿಸಬೇಡಿ. ಫಿಟ್ಸ್ ಬಂದ ಮಗುವಿಗೆ ಲಸಿಕೆ ಹಾಕಿಸಬಾರದು ಅನ್ನುವ ಮಾತು ಊರಲ್ಲಿ ಓಡಾಡುತ್ತದೆ. ಅದಕ್ಕೆ ಕಿವಿಗೊಡಬೇಡಿ.

ಮತ್ತೆ ಬಂದರೆ? ಮಗುವನ್ನು ನೆಲದ ಮೇಲೋ ಚಾಪೆಯ ಮೇಲೋ ಎಡಕ್ಕೋ ಬಲಕ್ಕೋ ಒಂದು ಮಗ್ಗುಲಿಗೆ ಮಲಗಿಸಿ. ಜೊಲ್ಲು, ವಾಂತಿ ಏನಿದ್ದರೂ ಬಾಯಿಂದ ಹೊರಗೆ ಸುರಿಯಲಿ, ಶ್ವಾಸಕ್ಕೆ ಹೋಗಬಾರದು. ಕುತ್ತಿಗೆಯ ಗುಂಡಿ ಬಿಚ್ಚಿ. ಗಡಿಯಾರ ನೋಡಿ, ಇಲ್ಲವೇ ಮೊಬೈಲ್‌ನಲ್ಲಿ ಒಬ್ಬರು ವೀಡಿಯೋ ಮಾಡಿಕೊಳ್ಳಿ. ಅದರಲ್ಲಿ ಸಮಯವೂ ಸಿಗುತ್ತದೆ, ನೀವು ಬಾಯಲ್ಲಿ ಹೇಳುವ ಹತ್ತು ಮಾತಿಗಿಂತ ಆ ವೀಡಿಯೋ ನಮಗೆ ಹೆಚ್ಚು ಹೇಳುತ್ತದೆ. ಕೈಕಾಲು ಅದುಮಿ ಹಿಡಿಯಬೇಡಿ. ಬಾಯಿಗೆ ಚಮಚ, ಬೆರಳು, ಬಟ್ಟೆ, ನೀರು, ಔಷಧ ಯಾವುದೂ ಬೇಡ. ಯಾರೂ ತಮ್ಮ ನಾಲಿಗೆಯನ್ನು ನುಂಗಿಕೊಳ್ಳುವುದಿಲ್ಲ. ಚಮಚ ಮುರಿಯುವುದು ಹಲ್ಲನ್ನು, ಅದು ನಿಮಗೇ ಅನುಭವವಾಗಿದೆ. ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ ಅಥವಾ ಕೈಗೆ ಸಿಕ್ಕ ಗಾಡಿಯಲ್ಲಿ ಹೊರಡಿ. ಮೂಗಿಗೆ ಹೊಡೆಯುವ ಮಿಡಜೋಲಾಮ್ ಸ್ಪ್ರೇ ಒಂದಿದೆ. ನಿಮ್ಮ ಡಾಕ್ಟರ ಹತ್ತಿರ ಬರೆಸಿಕೊಂಡು, ಮಗಳ ತೂಕಕ್ಕೆ ಎಷ್ಟು ಸಲ ಒತ್ತಬೇಕು ಅನ್ನುವುದನ್ನು ಬಾಟಲಿಯ ಮೇಲೇ ಪೆನ್ನಿನಲ್ಲಿ ಬರೆದಿಟ್ಟುಕೊಳ್ಳಿ. ಐದು ನಿಮಿಷಕ್ಕೆ ನಿಲ್ಲದ ಫಿಟ್ಸ್‌ಗೆ ದಾರಿಯಲ್ಲೇ ಅದನ್ನು ಬಳಸಬಹುದು. ಆಸ್ಪತ್ರೆ ದೂರ ಇರುವ ಹಳ್ಳಿಯವರಿಗಂತೂ ಇದು ದೊಡ್ಡ ಧೈರ್ಯ.

ಬೀಗದ ಕೈ, ಈರುಳ್ಳಿಗಳ ಬಗ್ಗೆ ಅತ್ತೆಯವರೊಂದಿಗೆ ಜಗಳಕ್ಕೆ ಹೋಗಬೇಡಿ. ಅವರ ಅನುಭವದಲ್ಲಿ ಅದು ಪ್ರತಿ ಸಲವೂ ಕೆಲಸ ಮಾಡಿದೆ. ಯಾಕೆಂದರೆ ಜ್ವರದ ಫಿಟ್ಸ್ ಹೆಚ್ಚಿನ ಸಲ ಎರಡು ಮೂರು ನಿಮಿಷಕ್ಕೆ ತಾನೇ ನಿಲ್ಲುತ್ತದೆ, ಬೀಗದ ಕೈ ಹುಡುಕಿ ತರುವಷ್ಟರಲ್ಲಿ ಅದರ ಸಮಯವೂ ಮುಗಿದಿರುತ್ತದೆ. ಕೈಯಲ್ಲಿ ಬೀಗದ ಕೈ ಇದ್ದರೆ ನಷ್ಟವೇನೂ ಇಲ್ಲ, ಮಗು ಮಗ್ಗುಲಾಗಿ ಮಲಗಿರಲಿ, ಅಷ್ಟು ಸಾಕು. ಆದರೆ ಫಿಟ್ಸ್ ಬಂದ ಮಗುವಿಗೆ ಬರೆ ಹಾಕಿಸುವ ಪದ್ಧತಿ ಕೆಲವು ಕಡೆ ಇನ್ನೂ ಪೂರ್ತಿ ಹೋಗಿಲ್ಲ. ಅಲ್ಲಿ ಮಾತ್ರ ಮುಲಾಜು ನೋಡಬಾರದು, ಅಡ್ಡ ನಿಲ್ಲಬೇಕು.

ಇನ್ನು ನಿಮ್ಮ ಥರ್ಮಾಮೀಟರ್ ಕಡೆ ಬರೋಣ. "ಜ್ವರ ನೆತ್ತಿಗೇರಿತು" ಅನ್ನುವ ಮಾತು ನಮ್ಮ ಭಾಷೆಯಲ್ಲಿ ಎಷ್ಟು ಆಳವಾಗಿ ಕೂತಿದೆಯೆಂದರೆ, 99ರಿಂದ 100, 100ರಿಂದ 101 ಅಂತ ಏರುತ್ತಾ ಹೋಗಿ ಕೊನೆಗೆ ಮೆದುಳನ್ನೇ ಸುಡುತ್ತದೆ, ನಾವು ನಡುವೆ ಎಲ್ಲಾದರೂ ತಡೆಯಬೇಕು ಅಂತ ಎಲ್ಲರೂ ನಂಬಿದ್ದಾರೆ. ಹಾಗಲ್ಲ. ಸೋಂಕು ಬಂದಾಗ ದೇಹ ತಾನೇ ತನ್ನ ಬಿಸಿಯ ಮಟ್ಟವನ್ನು ಮೇಲಕ್ಕೆ ಇಟ್ಟುಕೊಳ್ಳುತ್ತದೆ. ಏರುವಾಗ ಕೈಕಾಲು ತಣ್ಣಗಾಗಿ ನಡುಕ ಬರುತ್ತದೆ, ಇಳಿಯುವಾಗ ಬೆವರುತ್ತದೆ. ಅದಕ್ಕೊಂದು ಮಿತಿಯೂ ಇದೆ. ನೆಗಡಿ ಕೆಮ್ಮಿನ ಜ್ವರ ಮಗುವಿನ ಮೆದುಳನ್ನು ಸುಡುವುದಿಲ್ಲ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಮಗುವನ್ನು ಬಿಟ್ಟುಹೋದಾಗ ಆಗುವ ಅನಾಹುತವೇ ಬೇರೆ, ಅದನ್ನು ಇದರೊಂದಿಗೆ ಸೇರಿಸಬೇಡಿ. 100.4 ಡಿಗ್ರಿಗಿಂತ ಕೆಳಗೆ ಇದ್ದರೆ ಅದು ಜ್ವರವೇ ಅಲ್ಲ. 99 ತೋರಿಸಿದ್ದಕ್ಕೆ ಸಿರಪ್ ಕೊಡುತ್ತಿದ್ದೀರಲ್ಲ, ಆಡಿ ಓಡಿ ಬಂದ ಆರೋಗ್ಯವಂತ ಮಗುವಿಗೂ ಸಂಜೆ ಹೊತ್ತು ಅಷ್ಟು ಇರುತ್ತದೆ.

ನಿಮಗೆ ಹೆಚ್ಚು ಕಷ್ಟವಾಗುವ ಮಾತನ್ನು ಇಲ್ಲೇ ಹೇಳುತ್ತೇನೆ. ಬೇಗ ಬೇಗ ಪ್ಯಾರಾಸಿಟಮಾಲ್ ಕೊಟ್ಟರೆ ಫಿಟ್ಸ್ ತಡೆಯಬಹುದು ಎಂದು ನೀವು ರಾತ್ರಿಯೆಲ್ಲ ಕೂತಿದ್ದೀರಿ. ಅದು ತಡೆಯುವುದಿಲ್ಲ. ಫಿಟ್ಸ್ ಎಷ್ಟೋ ಸಲ ಜ್ವರ ಏರುತ್ತಿರುವಾಗಲೇ, ಮನೆಯವರಿಗೆ ಜ್ವರ ಇದೆ ಎಂದು ಗೊತ್ತಾಗುವ ಮೊದಲೇ ಬಂದುಹೋಗಿರುತ್ತದೆ. ಹಾಗಾಗಿ ಅವತ್ತು ನೀವು ಸಿರಪ್ ತಡ ಮಾಡಿದ್ದರಿಂದ ಬಂತು ಅಂತಲೂ ಅಲ್ಲ. ಆ ಅಪರಾಧ ನಿಮ್ಮ ತಲೆಯ ಮೇಲೆ ಇಲ್ಲ. ಪ್ಯಾರಾಸಿಟಮಾಲ್ ಕೊಡುವುದು ಮಗುವಿನ ಮೈಕೈ ನೋವು, ಸಂಕಟ ಕಡಿಮೆಯಾಗಲಿ, ನಾಲ್ಕು ಗುಟುಕು ನೀರು ಕುಡಿಯಲಿ ಅಂತ. 102 ಇದ್ದೂ ಗೊಂಬೆ ಇಟ್ಟುಕೊಂಡು ಆಡುತ್ತಿದ್ದರೆ ಕೊಡದಿದ್ದರೂ ನಡೆಯುತ್ತದೆ. ಮಲಗಿರುವ ಮಗುವನ್ನು ಎಬ್ಬಿಸಿ ಥರ್ಮಾಮೀಟರ್ ಇಡಬೇಡಿ. ನೀವೂ ಮಲಗಿ.

ಕೊಡುವಾಗ ಲೆಕ್ಕ ಸರಿಯಿರಲಿ. ಒಂದು ಸಲಕ್ಕೆ ಮಗುವಿನ ತೂಕದ ಒಂದು ಕೆ.ಜಿ.ಗೆ 10ರಿಂದ 15 ಮಿಲಿಗ್ರಾಂ. ನಿಮ್ಮ ಮಗಳಿಗೆ 150 ಮಿಲಿಗ್ರಾಂ ಸರಿಹೋಗುತ್ತದೆ. ಅಂಗಡಿಯಲ್ಲಿ ಸಿಗುವ ಸಿರಪ್‌ಗಳಲ್ಲಿ 5 ಮಿ.ಲೀ.ಗೆ 250 ಮಿಲಿಗ್ರಾಂ ಇರುವುದು ಒಂದು, 120 ಅಥವಾ 125 ಇರುವುದು ಇನ್ನೊಂದು. ಮೊದಲನೆಯದಾದರೆ 3 ಮಿ.ಲೀ., ಎರಡನೆಯದಾದರೆ 6 ಮಿ.ಲೀ. ಎಳೆ ಮಕ್ಕಳಿಗೆ ಅಂತ ಬರುವ ಡ್ರಾಪ್ಸ್ ಇದೆಯಲ್ಲ, ಆ ಪುಟ್ಟ ಬಾಟಲಿಯಲ್ಲಿರುವುದು ಇವೆಲ್ಲಕ್ಕಿಂತ ಗಾಢ, ಒಂದೇ ಮಿ.ಲೀ.ಗೆ 100 ಮಿಲಿಗ್ರಾಂ. ಒಮ್ಮೆ ಒಬ್ಬ ಅಪ್ಪ ಮನೆಯಲ್ಲಿದ್ದ ಸಿರಪ್ ಮುಗಿದಿದ್ದಕ್ಕೆ ತಂಗಿಯ ಡ್ರಾಪ್ಸನ್ನು ಅಣ್ಣನಿಗೆ ಅದೇ 5 ಮಿ.ಲೀ. ಅಳತೆಯಲ್ಲಿ ದಿನಕ್ಕೆ ಮೂರು ಸಲ ಕುಡಿಸಿದ್ದ. ಎರಡನೇ ದಿನ ವಾಂತಿ ಶುರುವಾಗಿ ಕರೆತಂದಾಗ ಗೊತ್ತಾಯಿತು. ಒಂದು ಸಲಕ್ಕೆ 500 ಮಿಲಿಗ್ರಾಂ, ದೊಡ್ಡವರ ಒಂದು ಮಾತ್ರೆಯಷ್ಟು. ಪುಣ್ಯಕ್ಕೆ ಯಕೃತ್ತು ಉಳಿಯಿತು. ಆದ್ದರಿಂದ ಬಾಟಲಿ ಕೈಗೆ ಬಂದ ಕೂಡಲೇ ಹೆಸರಿಗಿಂತ ಮೊದಲು ಸಣ್ಣಕ್ಷರದಲ್ಲಿರುವ ಆ ಅಂಕಿ ಓದಿ. ಅಡುಗೆಮನೆಯ ಚಮಚ ಬೇಡ, ಸೂಜಿಯಿಲ್ಲದ 5 ಮಿ.ಲೀ. ಸಿರಿಂಜ್ ಮೆಡಿಕಲ್ ಶಾಪ್‌ನಲ್ಲೇ ಸಿಗುತ್ತದೆ. ಎರಡು ಡೋಸ್ ನಡುವೆ ಕನಿಷ್ಠ ನಾಲ್ಕು ಗಂಟೆ, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬೇಡ. ಇನ್ನೊಂದು ಮೋಸ ನೆಗಡಿ ಸಿರಪ್‌ಗಳಲ್ಲಿದೆ. ಅವುಗಳಲ್ಲಿ ಹಲವಕ್ಕೆ ಪ್ಯಾರಾಸಿಟಮಾಲ್ ಬೆರೆಸಿರುತ್ತಾರೆ. ಜ್ವರಕ್ಕೊಂದು, ನೆಗಡಿಗೊಂದು ಅಂತ ಎರಡೂ ಕೊಟ್ಟರೆ ಒಂದೇ ಔಷಧ ಎರಡೆರಡು ಸಲ ಹೊಟ್ಟೆಗೆ ಹೋಗುತ್ತದೆ.

ಮೆಫೆನಮಿಕ್ ಆಸಿಡ್, ಐಬುಪ್ರೊಫೇನ್ ಇವು ಜ್ವರ ಬೇಗ ಇಳಿಸುತ್ತವೆ ಎಂದು ಜನ ಕೇಳಿ ತೆಗೆದುಕೊಳ್ಳುತ್ತಾರೆ. ನಮ್ಮಲ್ಲಿ ಮಳೆ ಶುರುವಾದರೆ ಡೆಂಗಿ ಹಿಂದೆಯೇ ಬರುತ್ತದೆ. 2024ರಲ್ಲಿ ಕರ್ನಾಟಕ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದೇ ಘೋಷಿಸಬೇಕಾಯಿತು. ಡೆಂಗಿ ಇರಬಹುದಾದ ಜ್ವರದಲ್ಲಿ ಈ ಔಷಧಗಳು ರಕ್ತಸ್ರಾವ ಹೆಚ್ಚಿಸುತ್ತವೆ. ಡಾಕ್ಟರು ನೋಡಿ ಬರೆದುಕೊಡದೆ ಮುಟ್ಟಬೇಡಿ. ನಿಮೆಸುಲೈಡ್ ಎಂಬ ಜ್ವರದ ಔಷಧವನ್ನಂತೂ ಹನ್ನೆರಡು ವರ್ಷದೊಳಗಿನವರಿಗೆ ಕೊಡಬಾರದೆಂದು 2011ರಲ್ಲೇ ನಿಷೇಧಿಸಿದ್ದಾರೆ.

ಈಗ ಆ ಹದಿನೈದು ದಿನಕ್ಕೊಮ್ಮೆಯ ನೆಗಡಿ. ಐದು ವರ್ಷದೊಳಗಿನ ಮಗುವಿಗೆ ವರ್ಷಕ್ಕೆ ಆರರಿಂದ ಎಂಟು ಸಲ ನೆಗಡಿ ಆಗುವುದು ಸಹಜ. ಹೊಸದಾಗಿ ನರ್ಸರಿಗೋ ಅಂಗನವಾಡಿಗೋ ಹೋದ ವರ್ಷ ಅದು ಹತ್ತು ಹನ್ನೆರಡಕ್ಕೂ ಹೋಗುತ್ತದೆ. ನೆಗಡಿ ತರುವ ವೈರಸ್‌ಗಳಲ್ಲಿ ಒಂದು ಗುಂಪಿನಲ್ಲೇ ನೂರಕ್ಕೂ ಹೆಚ್ಚು ಬಗೆ. ಒಂದರ ಪರಿಚಯ ಆದರೆ ಇನ್ನೊಂದಕ್ಕೆ ರಕ್ಷಣೆ ಸಿಗುವುದಿಲ್ಲ. ಒಂದೊಂದು ನೆಗಡಿಯ ಕೆಮ್ಮು ಎರಡು ಮೂರು ವಾರ ಎಳೆಯುತ್ತದೆ, ಅದು ಮುಗಿಯುವಷ್ಟರಲ್ಲಿ ಪಕ್ಕದ ಬೆಂಚಿನಿಂದ ಇನ್ನೊಂದು. ಹೀಗಾಗಿ ಜೂನ್‌ನಿಂದ ಫೆಬ್ರುವರಿವರೆಗೆ ಮಗು ಕೆಮ್ಮುತ್ತಲೇ ಇದೆ ಅಂತ ಅನ್ನಿಸುತ್ತದೆ, ಅದು ನಿಮ್ಮ ಭ್ರಮೆಯಲ್ಲ. ಇದನ್ನೇ ಎಲ್ಲರೂ ಇಮ್ಯುನಿಟಿ ಇಲ್ಲ ಅನ್ನುವುದು. ಇಮ್ಯುನಿಟಿ ಪಾಠ ಕಲಿಯುತ್ತಿದೆ, ಇವು ಅದರ ಪರೀಕ್ಷೆಗಳು. ಮುಂದಿನ ವರ್ಷ ಕಡಿಮೆ ಆಗುತ್ತದೆ, ಒಂದನೇ ಕ್ಲಾಸಿಗೆ ಹೋಗುವಷ್ಟರಲ್ಲಿ ಮರೆತೇ ಹೋಗುತ್ತದೆ. ಈಗ ಶಾಲೆ ಬಿಡಿಸಿದರೆ ಇದೇ ಸರದಿ ಯುಕೆಜಿಯಲ್ಲಿ ಶುರುವಾಗುತ್ತದೆ, ಅಷ್ಟೇ ವ್ಯತ್ಯಾಸ.

ನಿಜವಾಗಿಯೂ ರೋಗನಿರೋಧಕ ಶಕ್ತಿ ಕುಂದಿದ ಮಗು ಬೇರೆಯೇ ಥರ ಕಾಣುತ್ತದೆ. ವರ್ಷದಲ್ಲಿ ಎರಡು ಸಲ ನ್ಯುಮೋನಿಯಾ, ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಸಲ ಕಿವಿ ಸೋರುವುದು, ಮೈಯಲ್ಲಿ ಮತ್ತೆ ಮತ್ತೆ ದೊಡ್ಡ ಕೀವುಗಡ್ಡೆ, ವರ್ಷ ದಾಟಿದ ಮೇಲೂ ಬಾಯಲ್ಲಿ ಹೋಗದ ಬಿಳಿ ಪೊರೆಯಂಥ ಅಗ್ರ, ಎಲ್ಲಕ್ಕಿಂತ ಹೆಚ್ಚಾಗಿ ತೂಕ ಏರದೇ ನಿಲ್ಲುವುದು. ಅದಕ್ಕೇ ಒಂದು ಕಾಯಿಲೆಗೂ ಇನ್ನೊಂದಕ್ಕೂ ನಡುವಿನ ದಿನಗಳಲ್ಲಿ ಮಗು ಹೇಗಿರುತ್ತದೆ ಎಂದು ನಾವು ಕೇಳುವುದು. ಆ ಐದಾರು ದಿನ ಓಡಾಡಿ, ಹಟ ಮಾಡಿ, ಗೋಡೆಯ ಮೇಲೆ ಗೀಚುತ್ತಿದ್ದರೆ ಸರಿ. ನಿಮ್ಮ ತಾಯಿ ಕಾರ್ಡ್ ತೆಗೆದು ತೂಕದ ಗೆರೆ ನೋಡಿ. ಹುಟ್ಟಿದಾಗಿನ ತೂಕ ಒಂದು ವರ್ಷಕ್ಕೆ ಮೂರು ಪಟ್ಟು, ಎರಡಕ್ಕೆ ನಾಲ್ಕು ಪಟ್ಟು, ಆಮೇಲೆ ವರ್ಷಕ್ಕೆ ಸುಮಾರು ಎರಡು ಕೆ.ಜಿ. ಹನ್ನೆರಡೂವರೆ ಎಂದರೆ ಸರಾಸರಿಗಿಂತ ಕಡಿಮೆ, ಗಾಬರಿಪಡುವಷ್ಟಲ್ಲ. ಗೆರೆ ಮೇಲಕ್ಕೆ ಹೋಗುತ್ತಿದೆಯೇ ಅನ್ನುವುದು ಮುಖ್ಯ.

ನಾಲ್ಕು ಸಲದ ಆಂಟಿಬಯೋಟಿಕ್‌ನಲ್ಲಿ ಎಷ್ಟು ಬೇಕಿತ್ತೋ ನಾನು ಇಲ್ಲಿ ಕೂತು ಹೇಳಲಾರೆ. ಆದರೆ ಸಿಂಬಳ ಹಳದಿ, ಹಸಿರು ಆಯಿತು ಅನ್ನುವುದೊಂದೇ ಅದಕ್ಕೆ ಕಾರಣವಾಗಬಾರದು. ಮಾಮೂಲಿ ನೆಗಡಿಯಲ್ಲೂ ಮೂರನೇ ನಾಲ್ಕನೇ ದಿನ ಬಣ್ಣ ತಿರುಗುತ್ತದೆ, ಅದು ಬಿಳಿ ರಕ್ತಕಣಗಳ ಕೆಲಸ. ಹತ್ತು ದಿನವಾದರೂ ಸ್ವಲ್ಪವೂ ಕಡಿಮೆಯಾಗದ ಗೊಣ್ಣೆ, ವಾಸಿಯಾಗುತ್ತಾ ಬಂದು ಮತ್ತೆ ಜೋರಾಗುವ ಜ್ವರ, ಕಿವಿ ಹಿಡಿದುಕೊಂಡು ರಾತ್ರಿಯೆಲ್ಲ ಅಳುವುದು, ಇವಾದರೆ ತೋರಿಸಿ. ನೆಗಡಿ, ಕೆಮ್ಮು ಏನೂ ಇಲ್ಲದೆ ಬರೀ ಜ್ವರ ಎರಡು ಮೂರು ದಿನ ಇದ್ದರೆ, ಅದರಲ್ಲೂ ಹೆಣ್ಣುಮಗುವಾದರೆ, ಮೂತ್ರ ಪರೀಕ್ಷೆ ಮಾಡಿಸಿ ಅಂತ ನೀವೇ ನೆನಪು ಮಾಡಿದರೂ ತಪ್ಪಿಲ್ಲ. ಇನ್ನು ಪ್ರತಿ ನೆಗಡಿಯೂ ಎದೆಗೆ ಇಳಿದು ಕುಯ್ಯ್ ಎಂದು ಸದ್ದು ಬರುತ್ತಿದ್ದರೆ, ಓಡಿದಾಗ, ನಗುವಾಗ, ನಡುರಾತ್ರಿಯಲ್ಲಿ ಕೆಮ್ಮು ಹೆಚ್ಚಾದರೆ, ಅದು ಆಸ್ತಮಾ ಕಡೆಯ ದಾರಿ. ಆಗ ಇನ್‌ಹೇಲರ್ ಬರೆದುಕೊಟ್ಟರೆ ಚಟವಾಗುತ್ತದೆ ಅಂತ ಬೇಡ ಅನ್ನಬೇಡಿ. ಹೊಟ್ಟೆಗೆ ಕುಡಿಸುವ ಸಿರಪ್‌ಗಿಂತ ಎಷ್ಟೋ ಕಡಿಮೆ ಔಷಧ ನೇರ ಶ್ವಾಸಕೋಶಕ್ಕೆ ಹೋಗುತ್ತದೆ.

ಕೆಮ್ಮಿನ ಸಿರಪ್ ವಿಷಯದಲ್ಲಿ ನಾನು ಬಹಳ ಬಿಗಿ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದು, ಮೂತ್ರಪಿಂಡ ಕೈಕೊಟ್ಟು ಎಷ್ಟು ಪುಟ್ಟ ಮಕ್ಕಳು ತೀರಿಕೊಂಡರು, ನೀವೂ ಸುದ್ದಿಯಲ್ಲಿ ನೋಡಿರುತ್ತೀರಿ. ಅದಾದ ಮೇಲೆ ಕೇಂದ್ರ ಸರ್ಕಾರವೇ ಹೇಳಿತು, ಎರಡು ವರ್ಷದೊಳಗೆ ಕೆಮ್ಮು ನೆಗಡಿಯ ಔಷಧ ಕೊಡಲೇಬಾರದು, ಐದರೊಳಗೆ ಸಾಮಾನ್ಯವಾಗಿ ಬೇಡ ಅಂತ. ವಿಷ ಬೆರೆಯದಿದ್ದರೂ ಅವುಗಳಿಂದ ಲಾಭ ಅಷ್ಟಕ್ಕಷ್ಟೇ. ವರ್ಷ ದಾಟಿದ ಮಗುವಿಗೆ ಮಲಗುವ ಮುಂಚೆ ಅರ್ಧ ಚಮಚ ಜೇನುತುಪ್ಪ ಕೊಡಿ, ರಾತ್ರಿಯ ಕೆಮ್ಮು ತಗ್ಗುತ್ತದೆ. ವರ್ಷದೊಳಗಿನವರಿಗೆ ಮಾತ್ರ ಜೇನು ನೆಕ್ಕಿಸಲೂ ಬಾರದು, ಬಾಟುಲಿಸಂ ಎಂಬ ನಂಜಿನ ಭಯವಿದೆ. ಮೂಗು ಕಟ್ಟಿದರೆ ಉಪ್ಪುನೀರಿನ ಡ್ರಾಪ್ಸ್ ಸಾಕು.

ಇಲ್ಲಿ ಒಂದು ಮಾತು ಬಹಳ ಜನಕ್ಕೆ ಗೊತ್ತಿಲ್ಲ, ನಿಮ್ಮಂಥವರಿಗಂತೂ ಗೊತ್ತಿರಲೇಬೇಕು. ನೆಗಡಿಯಾದಾಗ ದಿಂಬಿಗೆ ನೀಲಗಿರಿ ಎಣ್ಣೆ ಹಾಕುತ್ತೇವೆ, ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಕಾಯಿಸಿ ಎದೆಗೆ ಸವರುತ್ತೇವೆ. ಈ ಎರಡೂ ಹೊಟ್ಟೆಗೆ ಹೋದರೆ ಜ್ವರವಿಲ್ಲದ ಮಗುವಿಗೂ ಫಿಟ್ಸ್ ತರಬಲ್ಲವು. ದೇವರ ಮನೆಯ ಕರ್ಪೂರದ ಡಬ್ಬಿ ತೆಗೆದು ಕಲ್ಲುಸಕ್ಕರೆ ಎಂದು ಎರಡು ಬಿಲ್ಲೆ ಬಾಯಿಗೆ ಹಾಕಿಕೊಂಡ ಹುಡುಗನೊಬ್ಬ ಅರ್ಧ ಗಂಟೆಯೊಳಗೆ ಫಿಟ್ಸ್ ಬಂದು ನಮ್ಮಲ್ಲಿಗೆ ಬಂದಿದ್ದ. ಒಮ್ಮೆ ಫಿಟ್ಸ್ ಬಂದ ಮಗು ಇರುವ ಮನೆಯಲ್ಲಿ ಎರಡನ್ನೂ ಅಟ್ಟದ ಮೇಲಿಡಿ. ಮೂಗಿಗೆ, ಕಿವಿಗೆ ಎಣ್ಣೆ ಬಿಡುವುದೂ ಬೇಡ, ಮೂಗಿನ ಎಣ್ಣೆ ಶ್ವಾಸಕೋಶಕ್ಕೆ ಇಳಿದು ಬೇರೆಯದೇ ನ್ಯುಮೋನಿಯಾ ಮಾಡುತ್ತದೆ. ಸಾಂಬ್ರಾಣಿ ಹೊಗೆ, ಸೊಳ್ಳೆಬತ್ತಿ, ಮನೆಯೊಳಗಿನ ಬೀಡಿ ಇವೆಲ್ಲ ಕೆಮ್ಮಿಗೆ ತುಪ್ಪ ಸುರಿಯುತ್ತವೆ.

ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಚಿಂತೆ ತಂದ ಸಾಲು ಫಿಟ್ಸ್‌ನದ್ದಲ್ಲ, ಬಾಟಲಿ ಹಾಲಿನದ್ದು. ಮೂರು ವರ್ಷದ ಮಗುವಿಗೆ ದಿನಕ್ಕೆ ಅರ್ಧ ಲೀಟರ್ ಮೀರಬಾರದು. ಹಾಲಿನಲ್ಲಿ ಕಬ್ಬಿಣದ ಅಂಶ ಇಲ್ಲವೆನ್ನುವಷ್ಟು ಕಡಿಮೆ, ಅನ್ನದಲ್ಲಿರುವ ಕಬ್ಬಿಣ ಮೈಗೆ ಹಿಡಿಯುವುದನ್ನೂ ಅದು ತಡೆಯುತ್ತದೆ, ಹೊಟ್ಟೆ ತುಂಬಿಸಿ ಹಸಿವನ್ನೂ ಕೊಲ್ಲುತ್ತದೆ. ರಕ್ತಹೀನತೆ ಇರುವ ಮಗು ಮಂಕಾಗುತ್ತದೆ, ಊಟ ಇನ್ನೂ ಕಡಿಮೆ ಮಾಡುತ್ತದೆ, ಕೆಲವರು ಮಣ್ಣು ಸುಣ್ಣ ತಿನ್ನುತ್ತಾರೆ. ಕಬ್ಬಿಣದ ಕೊರತೆ ಇರುವ ಮಕ್ಕಳಲ್ಲಿ ಜ್ವರದ ಫಿಟ್ಸ್ ಹೆಚ್ಚು ಕಂಡುಬರುತ್ತದೆ ಕೂಡ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 5ರ ಪ್ರಕಾರ ದೇಶದಲ್ಲಿ ಆರು ತಿಂಗಳಿಂದ ಐದು ವರ್ಷದ ಮಕ್ಕಳಲ್ಲಿ ಶೇ 67.1ರಷ್ಟು ಮಂದಿಗೆ ರಕ್ತಹೀನತೆ ಇದೆ. ಎಲ್ಲರೂ ಹೇಳುವ ಟಾನಿಕ್‌ಗೆ ಕೊಡುವ ದುಡ್ಡಿನಲ್ಲಿ ಒಂದು ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ಡಾಕ್ಟರು ತೂಕ ನೋಡಿ ಕಬ್ಬಿಣದ ಔಷಧ ಬರೆಯುತ್ತಾರೆ, ಅದು ಮೂರು ತಿಂಗಳಾದರೂ ಬೇಕು. ಮಲ ಕಪ್ಪಾದರೆ ಗಾಬರಿ ಬೇಡ. ಅಂಗನವಾಡಿಯಲ್ಲೂ ಆಶಾ ಕಾರ್ಯಕರ್ತೆಯರ ಹತ್ತಿರವೂ ವಾರಕ್ಕೆರಡು ಸಲ ಕೊಡುವ ಕಬ್ಬಿಣದ ಸಿರಪ್ ಬಿಟ್ಟಿಯಾಗಿ ಸಿಗುತ್ತದೆ. ಜಂತುಹುಳುವಿನ ಮಾತ್ರೆ ಆರು ತಿಂಗಳಿಗೊಮ್ಮೆ ಅಲ್ಲೇ ಕೊಡುತ್ತಾರೆ.

ಬಾಟಲಿಯನ್ನು ಒಂದೇ ದಿನ ಎಸೆಯಿರಿ. ಮೂರು ನಾಲ್ಕು ದಿನ ಅತ್ತು ಕರೆದು ರಂಪ ಆಗುತ್ತದೆ, ಅತ್ತೆಯವರು ನಿಮ್ಮನ್ನು ಕಟುಕಿ ಅಂದರೂ ಅನ್ನಬಹುದು. ಐದನೇ ದಿನ ಹಸಿದು ತಟ್ಟೆಯ ಹತ್ತಿರ ಬರುತ್ತಾಳೆ. ಹಾಲು ಲೋಟದಲ್ಲಿ, ಊಟವಾದ ಮೇಲೆ. ಮೊಟ್ಟೆ, ನುಗ್ಗೆಸೊಪ್ಪಿನ ಸಾರು, ಬೇಳೆ, ಕಡಲೆ, ಮಾಂಸ ತಿನ್ನುವ ಮನೆಯಾದರೆ ಮೆತ್ತಗೆ ಬೇಯಿಸಿದ ಈರಲು (ಲಿವರ್), ಇವುಗಳ ಜೊತೆಗೆ ಎರಡು ಹನಿ ನಿಂಬೆಹುಳಿ ಅಥವಾ ಒಂದು ಹೋಳು ಸೀಬೆಹಣ್ಣು ಇದ್ದರೆ ಕಬ್ಬಿಣ ಚೆನ್ನಾಗಿ ಹಿಡಿಯುತ್ತದೆ. ಬಿಸ್ಕತ್ತು ಅದ್ದಿಕೊಳ್ಳಲು ಟೀ ಕೊಡುವ ಅಭ್ಯಾಸವಿದ್ದರೆ ಅದೂ ಬಾಟಲಿಯ ಜೊತೆಗೇ ಹೋಗಲಿ.

ವಾಂತಿ ಭೇದಿಯ ಬಗ್ಗೆ ನೀವು ಕೇಳಿಲ್ಲ, ಆದರೂ ಶಾಲೆಗೆ ಹೋಗುವ ಮಗುವಿಗೆ ಇವತ್ತಲ್ಲ ನಾಳೆ ಅದೂ ಬರುತ್ತದೆ. ಒಆರ್‌ಎಸ್‌ನ ದೊಡ್ಡ ಪ್ಯಾಕೆಟ್ ಪೂರ್ತಿ ಒಂದು ಲೀಟರ್ ಕಾದಾರಿದ ನೀರಿಗೆ, ಚಿಕ್ಕದು 200 ಮಿ.ಲೀ.ಗೆ. ಅಂದಾಜಿನಲ್ಲಿ ಲೋಟಕ್ಕೊಂದು ಚಿಟಿಕೆ ಹಾಕುವುದು ಬೇಡ. ಒಂದೊಂದು ಸಲ ಭೇದಿಯಾದಾಗಲೂ ಅರ್ಧ ಲೋಟದಿಂದ ಒಂದು ಲೋಟ, ಗುಟುಕು ಗುಟುಕಾಗಿ. ಬಣ್ಣದ ಟೆಟ್ರಾ ಪ್ಯಾಕ್‌ಗಳಲ್ಲಿ ಒಆರ್‌ಎಸ್ ಎಂದು ಬರೆದುಕೊಂಡು ಮಾರುತ್ತಿದ್ದ ಸಿಹಿ ಪಾನೀಯಗಳು ಒಆರ್‌ಎಸ್ ಅಲ್ಲ, ಅವು ಭೇದಿ ಹೆಚ್ಚಿಸುತ್ತವೆ. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ಅವರು ವರ್ಷಗಟ್ಟಲೆ ಹೋರಾಡಿದ ಮೇಲೆ 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಆ ಹೆಸರು ಬಳಸಬಾರದೆಂದು ಆದೇಶಿಸಿತು. ಒಆರ್‌ಎಸ್ ಜೊತೆಗೆ ಜಿಂಕ್ 20 ಮಿಲಿಗ್ರಾಂ ದಿನಕ್ಕೊಮ್ಮೆ, ಭೇದಿ ನಿಂತರೂ ಹದಿನಾಲ್ಕು ದಿನ ಪೂರ್ತಿ.

ಗಂಟೆಗೊಮ್ಮೆ ಥರ್ಮಾಮೀಟರ್ ನೋಡುವ ಬದಲು ಏನು ನೋಡಬೇಕು ಅನ್ನುತ್ತೀರಾ? ಉಸಿರು ನೋಡಿ. ಮಗು ಅಳದೇ ಮಲಗಿರುವಾಗ ಅಂಗಿ ಎತ್ತಿ, ಹೊಟ್ಟೆ ಏಳುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಒಂದರಿಂದ ಐದು ವರ್ಷದ ಮಗುವಿಗೆ ನಿಮಿಷಕ್ಕೆ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಎರಡು ತಿಂಗಳು ದಾಟಿ ವರ್ಷ ತುಂಬದ ಕೂಸಿಗೆ 50 ಮುಟ್ಟಿದರೆ, ಪಕ್ಕೆ ಒಳಗೆ ಸೆಳೆಯುತ್ತಿದ್ದರೆ, ಅದು ನ್ಯುಮೋನಿಯಾ ಇರಬಹುದು. ಜ್ವರ 100 ಇರಲಿ 104 ಇರಲಿ, ಹೊರಡಿ. ಆರೆಂಟು ಗಂಟೆ ಮೂತ್ರ ಮಾಡಿಲ್ಲ, ಕೊಟ್ಟದ್ದೆಲ್ಲ ವಾಂತಿ, ಎಬ್ಬಿಸಿದರೂ ಸರಿಯಾಗಿ ಕಣ್ಣು ಬಿಡುತ್ತಿಲ್ಲ, ಕುತ್ತಿಗೆ ಬಗ್ಗಿಸಲು ಆಗುತ್ತಿಲ್ಲ, ಮೈಮೇಲೆ ಒತ್ತಿದರೂ ಮಾಸದ ಕೆಂಪು ಕಲೆಗಳು, ಇವಕ್ಕೂ ಬೆಳಗಾಗಲಿ ಎಂದು ಕಾಯಬೇಡಿ. ಫಿಟ್ಸ್ ಒಂದೇ ದಿನದಲ್ಲಿ ಎರಡು ಸಲ ಬಂದರೆ, ಒಂದೇ ಕಡೆಯ ಕೈಕಾಲಿಗೆ ಬಂದರೆ, ನಿಂತು ಒಂದು ಗಂಟೆಯಾದರೂ ಮಗು ಎಂದಿನಂತೆ ಆಗದಿದ್ದರೆ ಕೂಡ. ಮೂರು ತಿಂಗಳೊಳಗಿನ ಕೂಸಿಗೆ 100.4 ಬಂತೆಂದರೆ ಬೇರೆ ಏನನ್ನೂ ನೋಡದೆ ಆಸ್ಪತ್ರೆಗೆ ಹೋಗಬೇಕು. ಡೆಂಗಿ ಕಾಲದಲ್ಲಿ ಇನ್ನೊಂದು ತಿರುಗುಮುರುಗು ಲೆಕ್ಕ: ನಾಲ್ಕನೇ ಐದನೇ ದಿನ ಜ್ವರ ಬಿಟ್ಟಿತು ಎಂದು ಎಲ್ಲರೂ ನಿಟ್ಟುಸಿರು ಬಿಡುವಾಗಲೇ ಅಪಾಯ ಶುರು. ಜ್ವರ ಇಳಿದೂ ಮಗು ಹೊಟ್ಟೆನೋವು ಅನ್ನುತ್ತಿದ್ದರೆ, ಕೈಕಾಲು ತಣ್ಣಗಿದ್ದು ಮಂಕಾಗಿ ಬಿದ್ದಿದ್ದರೆ, ಥರ್ಮಾಮೀಟರ್ ತೋರಿಸುವ 98 ನಂಬಬೇಡಿ.

ಶಾಲೆಗೆ ಕಳಿಸಿ. ಜ್ವರ ಬಿಟ್ಟು ಒಂದು ದಿನ ಮನೆಯಲ್ಲಿರಲಿ, ಬರೀ ಮೂಗು ಸೋರುತ್ತಿದ್ದರೆ ಹೋಗಲಿ. ಟೀಚರ್‌ಗೆ ಫಿಟ್ಸ್ ವಿಷಯ ಮುಚ್ಚಿಡಬೇಡಿ. ಮಗ್ಗುಲಿಗೆ ಮಲಗಿಸುವುದು, ಬಾಯಿಗೆ ಏನೂ ಹಾಕದಿರುವುದು, ಐದು ನಿಮಿಷ, ನಿಮ್ಮ ಫೋನ್ ನಂಬರ್, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಅವರಿಗೆ ಕೊಡಿ. ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮುಂಚೆ ಫ್ಲೂ ಲಸಿಕೆ ಹಾಕಿಸುವುದು ಒಳ್ಳೆಯದು. ಸರ್ಕಾರದ ಪಟ್ಟಿಯಲ್ಲಿ ಅದಿಲ್ಲ, ದುಡ್ಡು ಕೊಟ್ಟು ಹಾಕಿಸಬೇಕು.

ಆ ಹಲ್ಲು ಹಾಲುಹಲ್ಲೇ. ಹತ್ತು ದಿನವಾದರೂ ಅಲುಗಾಡುತ್ತಿದೆ ಅಂದರೆ ಈ ವಾರವೇ ಹಲ್ಲಿನ ಡಾಕ್ಟರಿಗೆ ತೋರಿಸಿ. ಪೆಟ್ಟು ಬಿದ್ದ ಹಾಲುಹಲ್ಲು ಎಷ್ಟೋ ಸಲ ತಾನೇ ಗಟ್ಟಿಯಾಗುತ್ತದೆ. ಆದರೆ ಬಹಳ ಸಡಿಲವಾಗಿದ್ದರೆ ನಿದ್ದೆಯಲ್ಲಿ ಕಳಚಿ ಗಂಟಲಿಗೆ ಇಳಿಯಬಾರದಲ್ಲ. ಅಲ್ಲಿಯವರೆಗೆ ಮುದ್ದೆ, ಮೊಸರನ್ನ ಕೊಡಿ, ಚಕ್ಕುಲಿ ಬೇಡ. ಯಜಮಾನರನ್ನು ಇದಕ್ಕಾಗಿ ಬೈಯಬೇಡಿ, ನಾನೂ ಅವತ್ತು ರಾತ್ರಿ ಚಮಚಕ್ಕೇ ಕೈ ಹಾಕಿದ್ದೆ.